ತರೀಕೆರೆಗೇ ನಿಲ್ಲುವ ಬಸ್ಸು

ಕೊಬ್ಬರಿ ವ್ಯಾಪಾರದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ಆಗ ಮಾಲು ತಯಾರು ಎಂದರ್ಥ. ಕಡೂರಿನಲ್ಲಿ ಮಂಡಿ ಇಟ್ಟುಕೊಂಡು ಕೂತಿರುವ ನನಗೆ ಮನುಷ್ಯರನ್ನೂ ಹಾಗೆಯೇ ಅಲ್ಲಾಡಿಸಿ ನೋಡುವ ಚಟ. ನಾನು ಒಂದು ಮಾತಾಡಿದರೆ ಸಿಂಗಟಗೆರೆ ಕಡೆಯ ರೈತ ಹತ್ತು ಮಾತಾಡುತ್ತಾನೆ. ಅವನು ಎಷ್ಟಕ್ಕೆ ಇಳಿಯುತ್ತಾನೆ ಎನ್ನುವುದು ಅರ್ಧದಲ್ಲೇ ಗೊತ್ತಾಗಿಬಿಡುತ್ತದೆ. ಶರಣ್ಯಾಳನ್ನು ಮಾತ್ರ ಎಷ್ಟು ಅಲ್ಲಾಡಿಸಿದರೂ ಸದ್ದು ಬರಲಿಲ್ಲ.

ವಯಸ್ಸು ನಲವತ್ತರ ಆಸುಪಾಸು. ಸಣಕಲು ಮೈ, ಇಸ್ತ್ರಿ ಮಾಡಿದ ಕಾಟನ್ ಸೀರೆ, ದಪ್ಪ ಗಾಜಿನ ಕನ್ನಡಕ. ದಿನವೂ ಪುಸ್ತಕದ ಚೀಲ ಹೊತ್ತು ಎಡಭುಜ ಸ್ವಲ್ಪ ಕೆಳಗಿಳಿದಿದೆ. ಕಡೂರಿನಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ಅಂಥ ಊರಲ್ಲಿ ವರ್ಷವಿಡೀ ಕೈಯಲ್ಲಿ ಛತ್ರಿ. ನನ್ನಲ್ಲಿ ಕೊಬ್ಬರಿ ಎಣ್ಣೆ ಕೊಳ್ಳಲು ಮನೆಯಿಂದಲೇ ಗಾಜಿನ ಬಾಟಲಿ ತರುತ್ತಾಳೆ. ತುಂಬಿಸಿ ಕೊಟ್ಟರೆ ಬೆಳಕಿಗೆ ಹಿಡಿದು ಒಮ್ಮೆ ನೋಡಿ ಚೀಲಕ್ಕಿಳಿಸುತ್ತಾಳೆ. ಚೌಕಾಸಿ ಇಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ನಾನು ನಂಬುವುದಿಲ್ಲ. ಒಂದೋ ಅವರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಇಲ್ಲವೇ ಎದುರಂಗಡಿಯಲ್ಲಿ ವಿಚಾರಿಸಿಕೊಂಡೇ ಬಂದಿರುತ್ತಾರೆ. ಇವಳನ್ನು ನಾನು ಎರಡನೇ ದರ್ಜೆಗೆ ಹಾಕಿಟ್ಟಿದ್ದೆ: ಹಾಳಾಗದ ಮಾಲು, ಆದರೆ ಬೇಡಿಕೆಯಿಲ್ಲ.

ಬೇಡಿಕೆಯಿಲ್ಲ ಎಂದದ್ದು ಸುಮ್ಮನೆ ಅಲ್ಲ. ಇವಳ ತಂದೆ ದತ್ತಾತ್ರಿ ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದವರು. ಎಣ್ಣೆಗೆ ಬಂದಾಗ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಮಗಳ ಸುದ್ದಿ ಹೇಳುತ್ತಿದ್ದರು. ಆಗ ಅವಳು ಹೈದರಾಬಾದಿನ ಯಾವುದೋ ಪ್ರಯೋಗಾಲಯದಲ್ಲಿದ್ದಳು.

"ಏನ್ ಮಾಡ್ತಾಳೆ ಸ್ವಾಮಿ ಅಲ್ಲಿ?"

"ಮನುಷ್ಯರ ಕರುಳಿನ ಜೀವಕೋಶ ಸಾಕ್ತಾಳೆ."

"ಸಾಕ್ತಾಳೆ ಅಂದ್ರೆ? ಹಾಲು ಕೊಡ್ತಾವಾ?"

ದತ್ತಾತ್ರಿ ನಗುತ್ತಿದ್ದರು. ಆದರೆ ಸಾಕುವುದು ನಿಜವಂತೆ. ತಟ್ಟೆಯ ತಳದಲ್ಲಿ ಕೋಶಗಳು ಬೆಳೆಯುತ್ತವೆ, ಒಂದು ದಿನ ಬಿಟ್ಟು ಒಂದು ದಿನ ಆಹಾರ ಬದಲಿಸಬೇಕು, ತಪ್ಪಿದರೆ ಸಾಯುತ್ತವೆ. ಒಂದು ಯುಗಾದಿಗೆ ಮಗಳು ಬರಲಿಲ್ಲವೆಂದು ತಾಯಿ ಶಾರದಾಂಬಾ ಎರಡು ದಿನ ಮಾತು ಬಿಟ್ಟಿದ್ದರು. ಎಮ್ಮೆ ಕಟ್ಟಿದವರು ಹಬ್ಬಕ್ಕೆ ಊರಿಗೆ ಹೋದರೆ ಅಕ್ಕಪಕ್ಕದವರು ಅದಕ್ಕೆ ಹುಲ್ಲು ಹಾಕುತ್ತಾರೆ. ಇವಳ ಕೋಶಗಳಿಗೆ ನೆರೆಹೊರೆ ಇರಲಿಲ್ಲ.

ಆರು ವರ್ಷ ಸಾಕಿದಳು. ಡಾಕ್ಟರೇಟ್ ಬಂತು, ಪ್ರಾಜೆಕ್ಟಿಗೆ ಬರುತ್ತಿದ್ದ ಅನುದಾನ ನಿಂತಿತು, ಊರಿಗೆ ಬಂದಳು. ತರೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಕರುಳಿನ ವಿಷಯವನ್ನು ಊರಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. "ಅಷ್ಟು ಓದಿ ಕೊನೆಗೆ ಕಪ್ಪೆ ಚಿತ್ರ ಬಿಡಿಸೋದು ಹೇಳ್ಕೊಡ್ತಾಳೆ" ಎಂದು ನನ್ನ ಮಂಡಿಯಲ್ಲೇ ಜನ ಆಡಿಕೊಂಡದ್ದುಂಟು. ನಾನು ಅವರನ್ನು ತಡೆದವನೇನಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಸ್ಫೂರ್ತಿಗೆ ಭೇದಿ ಶುರುವಾಯಿತು.

ಆರು ವರ್ಷದ ಮಗು. ಶಾಲೆಗೆ ರಜೆ, ದಿನವೆಲ್ಲ ಮಂಡಿಯಲ್ಲೇ ಆಟ. ಮೊದಲು ಸೀಬೆಕಾಯಿಯಿಂದ ಅಂದುಕೊಂಡೆವು, ಆಮೇಲೆ ದೃಷ್ಟಿ ಅಂದುಕೊಂಡೆವು. ನನ್ನ ಹೆಂಡತಿ ವಿಮಲಮ್ಮ ಅಜ್ಜಂಪುರದವಳು. ತವರಿನ ಕಡೆಯ ಅಭ್ಯಾಸದಂತೆ ಅಂತರಘಟ್ಟಮ್ಮನಿಗೆ ಹರಕೆ ಕಟ್ಟಿದಳು, ಮನೆಯ ಪದ್ಧತಿಯಂತೆ ಮಠದಿಂದ ವಿಭೂತಿ ತರಿಸಿದಳು. ಎರಡೂ ಕಡೆ ಖಾತೆ ತೆರೆದರೂ ಭೇದಿ ನಿಲ್ಲಲಿಲ್ಲ. ಜಿಡ್ಡು ಜಿಡ್ಡಾಗಿ ಹೋಗುತ್ತಿತ್ತು. ಮಗು ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಿತ್ತು, ಕೆನ್ನೆ ಇಳಿಯಿತು. ಮಗ ಬಸವೇಶ್ ಅಜ್ಜಂಪುರದಲ್ಲಿ ಎಣ್ಣೆ ಗಾಣ ನಡೆಸುತ್ತಾನೆ. ಗಾಣ ನಿಲ್ಲಿಸಿ ಮಗಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ.

ಅಲ್ಲಿಯ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟ್ರಾಲ್ ಇರಬೇಕಾದ್ದಕ್ಕಿಂತ ಎಷ್ಟೋ ಕಡಿಮೆ ಬಂತು. ನಮಗೆ ಸಂತೋಷವಾಯಿತು, ಡಾಕ್ಟರಿಗೆ ಆಗಲಿಲ್ಲ. ತಿಂದ ಜಿಡ್ಡು ಕರುಳಿನಿಂದ ರಕ್ತಕ್ಕೆ ಹೋಗುತ್ತಿಲ್ಲವೇನೋ, ಅಂಥದೊಂದು ಹುಟ್ಟು ದೋಷ ಇದೆ, ಅಪರೂಪ, ಆದರೂ ನೋಡಿಬಿಡೋಣ ಎಂದರು. ಜೀನ್ ಪರೀಕ್ಷೆಗೆ ರಕ್ತ ಕಳಿಸಿ, ಫಲಿತಾಂಶ ಬರುವವರೆಗೆ ಜಿಡ್ಡು ಕಡಿಮೆ ಮಾಡಲು ಹೇಳಿದರು. "ಮಗು ಏನೇನು ತಿನ್ನುತ್ತೆ?" ಎಂದು ಕೇಳಿದರಂತೆ. ಇಡ್ಲಿ, ಮುದ್ದೆ, ಅನ್ನ ಸಾರು, ಒಂದು ಚಮಚ ತುಪ್ಪ ಎಂದು ಬಸವೇಶ್ ಹೇಳಿದ. ಅವನು ಸುಳ್ಳು ಹೇಳುವ ಹುಡುಗನಲ್ಲ.

ಅಂದಿನಿಂದ ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ ಕೊಬ್ಬರಿ ಬಂದ್. ತುಪ್ಪದ ಡಬ್ಬಿ ಅಟ್ಟ ಸೇರಿತು. ಸಾರಿಗೆ ಒಗ್ಗರಣೆಯಿಲ್ಲ, ಚಟ್ನಿಪುಡಿಯಲ್ಲೂ ಕೊಬ್ಬರಿಯಿಲ್ಲ. ಮಗುವಿಗಿಲ್ಲದ್ದು ಯಾರಿಗೂ ಬೇಡವೆಂದು ವಿಮಲಮ್ಮ ಇಡೀ ಮನೆಗೆ ಅದನ್ನೇ ಬಡಿಸಿದಳು. ಆ ಊಟವನ್ನು ವರ್ಣಿಸಿ ಓದುವವರ ಹಸಿವು ಕೆಡಿಸುವುದಿಲ್ಲ. ಆದರೂ ಮಗುವಿನ ಭೇದಿ ನಿಲ್ಲಲಿಲ್ಲ. ನಿಜವಾದ ಹೆದರಿಕೆ ಆಗ ಹುಟ್ಟಿತು: ಒಂದು ಹನಿ ಎಣ್ಣೆ ಒಳಗೆ ಹೋಗದಿದ್ದರೂ ಜಿಡ್ಡು ಹೊರಗೆ ಬರುತ್ತಿದೆ ಎಂದರೆ ಮಗುವಿನ ಮೈಯೇ ಕರಗುತ್ತಿದೆ ಎಂದು ಲೆಕ್ಕ ಹಾಕಿದೆವು.

ಜೀನ್ ಪರೀಕ್ಷೆಯ ವರದಿ ಬಸವೇಶನ ಫೋನಿಗೆ ಬಂತು. ದೋಷ ಇದೆ ಎಂದಿತ್ತು. ಡಾಕ್ಟರನ್ನು ಕಾಣಲು ಇನ್ನೂ ಕೆಲವು ದಿನ ಇತ್ತು. ಅಷ್ಟರೊಳಗೆ ಅವನು ಫೋನಿನಲ್ಲೇ ಹುಡುಕಿ, ಇಂಥ ಮಕ್ಕಳಿಗೆ ಮುಂದೆ ಕಣ್ಣು ಮಂಜಾಗುತ್ತದೆ, ನರ ಸೋತು ನಡಿಗೆ ತಪ್ಪುತ್ತದೆ ಎಂದೆಲ್ಲ ಓದಿದ. ಓದಿದ್ದನ್ನು ತನ್ನ ತಾಯಿಗಾಗಲಿ ಹೆಂಡತಿಗಾಗಲಿ ಹೇಳದೆ ನನಗೆ ಹೇಳಿದ. ನಾನು ಯಾರಿಗೆ ಹೇಳಲಿ? ಮೂಟೆ ತೂಗುತ್ತಾ ಕೂತಿದ್ದೆ. ಮಗು ತಕ್ಕಡಿಯ ಪಕ್ಕದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ ಅದರ ಕಾಲನ್ನೇ ನೋಡುತ್ತಿದ್ದೆ.

ಆ ಶನಿವಾರ ಶರಣ್ಯಾ ಬಾಟಲಿ ತಂದಳು. ಎಣ್ಣೆ ತುಂಬಿಸುವಾಗ ನನ್ನ ಕೈಯಿಂದ ಅರ್ಧ ಹೊರಗೆ ಚೆಲ್ಲಿತು. ನಲವತ್ತು ವರ್ಷದಲ್ಲಿ ನಾನು ಹಾಗೆ ಚೆಲ್ಲಿದವನಲ್ಲ.

"ಹುಷಾರಿಲ್ವಾ ಯಜಮಾನ್ರೇ?"

"ನಾನು ಹುಷಾರಾಗೇ ಇದೀನಮ್ಮ," ಎಂದವನು, ಯಾಕೋ ಗೊತ್ತಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಬಸವೇಶನೂ ಅಂದು ಮಂಡಿಯಲ್ಲೇ ಇದ್ದ. ಅವಳು ಕೈಚಾಚಿ ಅವನ ಫೋನು ಕೇಳಿದಳು. ಖಾಲಿ ಗೋಣಿಗಳ ರಾಶಿಯ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ವರದಿಯನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಬಾಟಲಿ ನೋಡುವಾಗಲೂ ಅದೇ ಮುಖ.

"ಪ್ರತಿ ಜೀನೂ ಜೋಡಿ ಇರುತ್ತೆ, ದೋಷ ಒಂದೇ ಪ್ರತಿಯಲ್ಲಿದೆ. ತಾಯಿ ಕಡೆಯಿಂದ ಬಂದಿದ್ದೋ ತಂದೆ ಕಡೆಯಿಂದ ಬಂದಿದ್ದೋ, ಒಂದು ಸರಿ ಇದೆ," ಎಂದಳು. "ಅದು ಮೊದಲನೇದು. ಎರಡನೇದು, ತಪ್ಪಿರೋ ಜಾಗ." ಫೋನನ್ನು ಬಸವೇಶನ ಕೈಗಿಟ್ಟಳು. ಆಮೇಲೆ, "ಯಜಮಾನ್ರೇ, ನಾನು ದಿನಾ ಯಾವ ಬಸ್ಸು ಹತ್ತೀನಿ ಹೇಳಿ," ಎಂದಳು.

"ಶಿವಮೊಗ್ಗದ್ದು."

"ಸಿಕ್ಕಿದ್ರೆ ಅದು. ಇಲ್ದಿದ್ರೆ ತರೀಕೆರೆಗೇ ನಿಲ್ಲೋದು. ಎರಡೂ ಇಲ್ಲಿಂದಲೇ ಹೊರಡುತ್ವೆ, ಎರಡೂ ಬೀರೂರು ಮೇಲೇ ಹೋಗುತ್ವೆ. ವ್ಯತ್ಯಾಸ ಏನು?"

ಮೂಟೆ ಬಿಚ್ಚುತ್ತಿದ್ದ ನಮ್ಮ ಹಮಾಲಿ ಪುಟ್ಟಯ್ಯ, "ಬೋರ್ಡು," ಎಂದ.

"ಅಷ್ಟೇ. ಈ ಜೀನ್ ಒಂದು ಪ್ರೋಟೀನಿನದು. ಜಿಡ್ಡನ್ನ ಮೂಟೆ ಕಟ್ಟಿ ರಕ್ತಕ್ಕೆ ಸಾಗಿಸೋ ಪ್ರೋಟೀನು. ಕೋಶ ಏನ್ ಮಾಡುತ್ತೆ, ಜೀನನ್ನ ಮುಟ್ಟಲ್ಲ, ಅದರದೊಂದು ನಕಲು ತೆಗೆಯುತ್ತೆ. ಮೆಸೆಂಜರ್ ಆರ್‌ಎನ್‌ಎ ಅಂತಾರೆ. ಆ ನಕಲನ್ನ ಓದ್ಕೊಂಡು ಪ್ರೋಟೀನು ಕಟ್ಟುತ್ತೆ. ಲಿವರ್ರು ಅದನ್ನ ಪೂರ್ತಿ ಓದುತ್ತೆ, ಶಿವಮೊಗ್ಗದ ತನಕ. ಕರುಳು ಹಾಗಲ್ಲ. ಕರುಳಿನ ಕೋಶದಲ್ಲಿ ಒಂದು ಕಿಣ್ವ ಇದೆ. ನಕಲಲ್ಲಿ ಹದಿನಾಲ್ಕು ಸಾವಿರ ಅಕ್ಷರ ಇದ್ರೆ ಅದು ಹೋಗಿ ಒಂದೇ ಒಂದನ್ನ ತಿದ್ದುತ್ತೆ. ಆ ಒಂದು ಅಕ್ಷರ ಬದಲಾದ್ರೆ ಅಲ್ಲಿಗೆ 'ನಿಲ್ಲು' ಅಂತ ಅರ್ಥ. ಅರ್ಧ ದಾರಿ. ತರೀಕೆರೆ."

"ಮೂಲ ತಿದ್ದಲ್ವಾ?" ಎಂದೆ.

"ಮೂಲ ಹಾಗೇ ಇರುತ್ತೆ. ನಕಲು ಮಾತ್ರ."

"ಪಹಣಿ ನಕಲಲ್ಲಿ ಒಂದಕ್ಷರ ತಿದ್ದಿದ್ರೆ ನಮ್ಮನ್ನ ಒಳಗೆ ಹಾಕ್ತಾರೆ. ಕರುಳನ್ನ ಕೇಳೋರಿಲ್ವಾ?"

"ಕರುಳು ತಿದ್ದಿದ್ರಿಂದಲೇ ನಿಮ್ಮ ಮೊಮ್ಮಗಳು ಬಚಾವು," ಎಂದಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. "ಮಗೂಗೆ ತಪ್ಪಿರೋದು ಎಲ್ಲಿ ಗೊತ್ತಾ? ಹತ್ತಿರ ಹತ್ತಿರ ಭದ್ರಾವತಿಲಿ. ಅಲ್ಲಿ ರಸ್ತೆ ಕಿತ್ತುಹೋಗಿದೆ. ಶಿವಮೊಗ್ಗದ ಬಸ್ಸಿಗೆ ತೊಂದರೆ, ಅದಕ್ಕೇ ಲಿವರ್ರು ಕಳಿಸೋ ಕೊಲೆಸ್ಟ್ರಾಲು ಕಮ್ಮಿ. ತರೀಕೆರೆಲಿ ಇಳಿಯೋಳಿಗೆ ಭದ್ರಾವತಿ ರಸ್ತೆ ಕಿತ್ತೋದ್ರೆ ಏನಾಗ್ಬೇಕು? ಕರುಳು ಅಷ್ಟು ದೂರ ಹೋಗೋದೇ ಇಲ್ಲ. ಜಿಡ್ಡು ಸಾಗಿಸೋದು ಆ ಮೋಟು ಪ್ರೋಟೀನೇ. ಅದು ಸರಿ ಇರ್ಬೇಕು."

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಬಸವೇಶ್ ಹತ್ತಿರ ಬಂದ.

"ನೀವು ಹೇಳೋದು ಗ್ಯಾರಂಟಿನಾ ಮೇಡಂ?"

"ನಾನು ಡಾಕ್ಟರಲ್ಲ. ಇದನ್ನ ಹಾಗೇ ಅವರ ಹತ್ರ ಕೇಳಿ. ಆದ್ರೆ ಇಂಥದ್ದು ಮನೇಲಿ ಯಾರಿಂದಾನೋ ಬಂದಿರುತ್ತೆ. ಕೊಲೆಸ್ಟ್ರಾಲ್ ತೀರ ಕಮ್ಮಿ ಇರೋರು ಯಾರಾದ್ರೂ ಇದಾರಾ?"

ಬಸವೇಶ್ ನನ್ನನ್ನು ನೋಡಿದ. ಪುಟ್ಟಯ್ಯನೂ ನೋಡಿದ. ನನ್ನ ಕೊಲೆಸ್ಟ್ರಾಲ್ ಎಷ್ಟೆಂದು ಕಡೂರು ಪೇಟೆಯಲ್ಲಿ ಗೊತ್ತಿಲ್ಲದವರಿಲ್ಲ. ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದೂ ಅಷ್ಟು ಕಡಿಮೆ ಎಂದರೆ ಬೆಳಗಿನ ನಡಿಗೆ, ಶಿಸ್ತು, ತಪ್ಪದ ಲಿಂಗಪೂಜೆ ಎಂದು ನಾನು ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಉಪದೇಶ ಮಾಡಿದ್ದೇನೆ.

"ಅದು ಶಿಸ್ತಿಂದು," ಎಂದೆ.

"ಇರಬಹುದು," ಎಂದಳು ಶರಣ್ಯಾ. "ಆದ್ರೂ ಒಂದ್ಸಲ ಟೆಸ್ಟ್ ಮಾಡಿಸಿ. ನಿಮಗೂ ಇದೇ ಇದ್ರೆ, ಇಷ್ಟು ವರ್ಷ ತುಪ್ಪ ತಿಂದು ಜೀರ್ಣಿಸ್ಕೊಂಡಿರೋ ಸಾಕ್ಷಿ ಮನೇಲೇ ಕೂತಿದೆ."

ಎದೆಯ ಮೇಲಿನ ಮೂಟೆ ಅರ್ಧ ಇಳಿಯಿತು. ಆಗ ಬಸವೇಶ್ ಕೇಳಬೇಕಾದ್ದನ್ನು ಕೇಳಿದ: "ಮತ್ತೆ ಭೇದಿ ಯಾಕೆ ಮೇಡಂ ನಿಲ್ತಿಲ್ಲ?"

"ಅದು ನಂಗೂ ಗೊತ್ತಾಗ್ತಿಲ್ಲ," ಎಂದಳು. ಇನ್ನರ್ಧ ಮೂಟೆ ಅಲ್ಲೇ ಉಳಿಯಿತು.

ಸಿಂಗಟಗೆರೆಯ ಗಾಡಿಯ ಮಾಲು ಇಳಿದಿತ್ತು. ನಾನು ಎದ್ದು ಕೆಲಸಕ್ಕೆ ಹೋದೆ. ನಮ್ಮ ಮಂಡಿಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ಮೂಟೆಯಿಂದ ಒಂದು ಗಿಟುಕು ತೆಗೆದು ಕೊಯ್ದು, ಒಳಗೆ ಬೂಷ್ಟು ಇದೆಯೇ, ಬಿಳುಪು ಹೇಗಿದೆ ಎಂದು ನೋಡುತ್ತೇವೆ. ಕೊಯ್ದ ಆ ಮಾದರಿ ಹೋಳು ಮತ್ತೆ ಮೂಟೆಗೆ ಹೋಗುವಂತಿಲ್ಲ. ವ್ಯಾಪಾರಿ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ಹೋಳಿನ ಆಸೆಗೆ ಮೂಟೆಗಟ್ಟಲೆ ಕೊಯ್ದ ಎಂಬ ಮಾತು ಬರುತ್ತದೆ. ರೈತ ವಾಪಸು ಕೇಳುವುದು ಅವಮಾನ. ಬಿಸಾಡಿದರೆ ಲಕ್ಷ್ಮಿಗೆ ಕೋಪ. ಹಾಗಾಗಿ ನನ್ನ ಅಜ್ಜನ ಕಾಲದಿಂದಲೂ ಅದು ಹತ್ತಿರ ಇರುವ ಮಗುವಿನ ಕೈಗೆ ಹೋಗುತ್ತದೆ. ನಾನು ಹಾಗೇ ಬೆಳೆದೆ, ಬಸವೇಶನೂ ಹಾಗೇ ಬೆಳೆದ.

ಪುಟ್ಟಯ್ಯ ಕೊಯ್ದ, ನಾನು ನೋಡಿದೆ, ಹೋಳು ಸ್ಫೂರ್ತಿಯ ಕೈಗೆ ಹೋಯಿತು. ಎರಡನೇ ಮೂಟೆ ಬಿಚ್ಚಿದೆವು, ಹೋಳು ಹೋಯಿತು. ಮೂರನೆಯದು ಹೋಗುವಾಗ ಹಿಂದಿನಿಂದ ಶರಣ್ಯಾ ಕೇಳಿದಳು.

"ಅದೇನು ಕೊಟ್ರಿ?"

"ಏನು?"

"ಮಗು ಕೈಗೆ."

"ಅದಾ? ಮಾದರಿ."

"ಕೊಬ್ಬರಿ ಅಲ್ವಾ?"

"ಕೊಬ್ಬರಿನೇ. ಮಾದರಿ."

ಅವಳು ಎದ್ದು ಹತ್ತಿರ ಬಂದಳು. "ಮನೇಲಿ ತುಪ್ಪ ಕೊಡ್ತಿಲ್ಲ ಅಂದ್ರಿ."

"ಒಂದ್ ಹನಿ ಇಲ್ಲ."

"ಎಣ್ಣೆ?"

"ಒಗ್ಗರಣೆನೂ ಇಲ್ಲ ಕಣಮ್ಮ."

"ಕೊಬ್ಬರಿ?"

"ಮುಟ್ಟಿಸೇ ಇಲ್ಲ," ಎಂದೆ. ಸ್ಫೂರ್ತಿ ನಮ್ಮಿಬ್ಬರ ನಡುವೆ ನಿಂತು ಕಟಕಟ ಅಗಿಯುತ್ತಿದ್ದಳು.

ಶರಣ್ಯಾ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ದಿನಾ ಎಷ್ಟು ತಿಂತೀಯ ಪುಟ್ಟಿ?"

"ಅದು ತಿನ್ನೋದಲ್ಲ," ಎಂದಳು ಸ್ಫೂರ್ತಿ. "ಮಾದರಿ."

ಪುಟ್ಟಯ್ಯ ಕತ್ತಿ ಕೆಳಗಿಟ್ಟ. ಬೇಸಿಗೆ ಎಂದರೆ ಮಾಲು ನುಗ್ಗುವ ಕಾಲ, ಮಗುವಿಗೂ ರಜೆ. ಬೆಳಗಿಂದ ಸಂಜೆಯವರೆಗೆ ಎಷ್ಟು ಮೂಟೆ, ಎಷ್ಟು ಹೋಳು ಎನ್ನುವುದು ನನಗೆ ಲೆಕ್ಕ ಹಾಕದೆಯೇ ಗೊತ್ತಾಯಿತು. ವ್ಯಾಪಾರಿಗೆ ಅದೊಂದು ಶಾಪ. ದೊಡ್ಡವರಿಗೂ ಹೊಟ್ಟೆ ಕೆಡುವಷ್ಟು. ಶಿವಮೊಗ್ಗದಲ್ಲಿ ಬಸವೇಶ್ ಯಾಕೆ ಹೇಳಲಿಲ್ಲ ಎಂದು ಯಾರೂ ಅವನನ್ನು ಕೇಳಲಿಲ್ಲ. ಕೇಳಿದ್ದರೆ ನಾನೂ ಹೇಳುತ್ತಿರಲಿಲ್ಲ. ಉಸಿರಾಡಿದ್ದನ್ನು ಯಾರಾದರೂ ಊಟದ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ಅಷ್ಟರಲ್ಲಿ ವಿಮಲಮ್ಮ ಮಗುವಿಗೆಂದು ಒಗ್ಗರಣೆಯಿಲ್ಲದ ಊಟದ ಡಬ್ಬಿ ಹಿಡಿದು ಬಂದಳು. ಸುದ್ದಿ ಕೇಳಿ ಡಬ್ಬಿಯನ್ನು ತಕ್ಕಡಿಯ ಮೇಲೇ ಇಟ್ಟಳು.

"ಮನೆಮಂದಿಗೆಲ್ಲ ತಿಂಗಳಿಂದ ಸಪ್ಪೆ ಬೇಯ್ಸಿ ಹಾಕ್ತಿದೀನಿ. ನೀವಿಲ್ಲಿ ಮೊಮ್ಮಗಳಿಗೆ ದಾಸೋಹ ನಡೆಸ್ತಿದೀರಾ?"

"ಮಾದರಿ ಕಣೇ," ಎಂದೆ.

"ನಿಮ್ ಮಾದರಿಗಿಷ್ಟು," ಎಂದಳು. ಮುಂದಿನದನ್ನು ಮಗುವಿನ ಎದುರು ಹೇಳಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಹತ್ತಿರ ಹೋದರೆ ನಗುತ್ತಿದ್ದಳು. ಆಮೇಲೆ ಅತ್ತಳು.

ಹೋಳು ನಿಲ್ಲಿಸಿದ ವಾರದೊಳಗೆ ಭೇದಿ ನಿಂತಿತು. ಆದರೂ ಡಾಕ್ಟರ ಬಾಯಿಂದ ಕೇಳಬೇಕಿತ್ತು. ನಿಗದಿಯಾದ ದಿನ ಎಲ್ಲರೂ ಹೋದೆವು. ಶರಣ್ಯಾ ಕಾಲೇಜಿಗೆ ರಜೆ ಹಾಕಿ ಬಂದಳು. ಕಡೂರಿನಿಂದ ಬಸ್ಸು ತರೀಕೆರೆ ದಾಟಿದಾಗ, "ಇವತ್ತು ಮುಂದಕ್ಕೂ ಹೋಗ್ತೀನಿ ನೋಡಿ," ಎಂದಳು. ಡಾಕ್ಟರು ಅವಳು ಹೇಳಿದ್ದನ್ನು ಪೂರ್ತಿ ಕೇಳಿ, "ನಾನೂ ಇವತ್ತು ಇದನ್ನೇ ಹೇಳೋನಿದ್ದೆ, ವರದಿ ನೋಡಿದ್ಮೇಲೆ ಭೇದಿಯೊಂದೇ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ," ಎಂದರು. ಕೊಬ್ಬರಿಯ ಕತೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕೂತರು. ಅವರ ಭುಜ ಅಲ್ಲಾಡುತ್ತಿತ್ತು.

ಪರೀಕ್ಷೆ ಒಂದೇ ಉಳಿದಿತ್ತು. ಮಗುವಿಗೆ ತುಪ್ಪ ಹಾಕಿ ಊಟ ಮಾಡಿಸಿ, ಮೂರ್ನಾಲ್ಕು ಗಂಟೆ ಬಿಟ್ಟು ರಕ್ತ ತೆಗೆಯಬೇಕು. ಕರುಳು ಜಿಡ್ಡನ್ನು ರಕ್ತಕ್ಕೆ ಸಾಗಿಸಿದ್ದರೆ, ಕೊಳವೆಯಲ್ಲಿ ಕೆಂಪು ತಳಕ್ಕಿಳಿದು ಮೇಲೆ ನಿಲ್ಲುವ ನೀರು ಮೋಡ ಕಟ್ಟುತ್ತದೆ. ತಿಳಿಯಾಗಿದ್ದರೆ ಕೆಟ್ಟದ್ದು. "ಎಣ್ಣೆ ನೋಡೋ ಹಾಗೆ ನೋಡ್ಬೇಡಿ," ಎಂದು ಶರಣ್ಯಾ ನನಗೆ ಮೊದಲೇ ಹೇಳಿಟ್ಟಿದ್ದಳು. "ಇದು ಕಲಬೆರಕೆ ಥರ ಕಂಡ್ರೇನೇ ಚೆನ್ನ."

ವಿಮಲಮ್ಮ ಕಟ್ಟಿಕೊಂಡು ಬಂದಿದ್ದ ಹೋಳಿಗೆಗೆ ತುಪ್ಪ ಹಾಕಿ ಮಗುವಿನ ಮುಂದಿಟ್ಟಳು. ಮಗು ಅಷ್ಟನ್ನೂ ತಿಂದು ಇನ್ನೊಂದು ಕೇಳಿತು. ಆಮೇಲೆ ಕಾಯುವುದಷ್ಟೇ. ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತೆವು. ಕೊನೆಗೆ ಲ್ಯಾಬಿನ ಹುಡುಗಿ ಅಶ್ವಿನಿ ಬಾಗಿಲಿಗೆ ಬಂದು ಕೊಳವೆಯನ್ನು ತೋರಿಸಿದಳು. ಶರಣ್ಯಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ನನ್ನ ಅಂಗಡಿಯಲ್ಲಿ ಬಾಟಲಿ ಹಿಡಿಯುವ ಹಾಗೆಯೇ.

ಮೇಲಿನ ನೀರು ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿತ್ತು.

"ಮೋಡ," ಎಂದಳು.

ಬಸವೇಶ್ ಗೋಡೆಯ ಕಡೆ ತಿರುಗಿ ನಿಂತ. ವಿಮಲಮ್ಮ ಮಿಕ್ಕ ಹೋಳಿಗೆಯನ್ನು ಬೆಂಚಿನಲ್ಲಿ ಕೂತಿದ್ದ ಗುರುತಿಲ್ಲದವರಿಗೆಲ್ಲ ಹಂಚಿದಳು. ನಲವತ್ತು ವರ್ಷ ತಿಳಿ ಎಣ್ಣೆ ಮಾರಿದ ನನಗೆ ಬಗ್ಗಡ ನೋಡಿ ಕಣ್ಣು ತುಂಬಿದ್ದು ಅದೊಂದೇ ಸಲ.

ಆಮೇಲೆ ನನ್ನ ರಕ್ತವನ್ನೂ ಕಳಿಸಿದೆವು, ಬಸವೇಶನದನ್ನೂ. ಮೂವರಿಗೂ ಅದೇ ಅಕ್ಷರ, ಅದೇ ಜಾಗ. ನನ್ನ ಇಪ್ಪತ್ತು ವರ್ಷದ ಶಿಸ್ತು ಭದ್ರಾವತಿ ಹತ್ತಿರದ ಒಂದು ಗುಂಡಿ ಎಂದು ಸಾಬೀತಾಯಿತು. ವಿಮಲಮ್ಮ ಅದನ್ನು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ಲಿವರಿನಲ್ಲಿ ಕೊಬ್ಬು ಸೇರಬಹುದು, ವರ್ಷಕ್ಕೊಂದು ಸ್ಕ್ಯಾನ್ ತಪ್ಪಿಸಬೇಡಿ ಎಂದು ಡಾಕ್ಟರು ಮೂವರಿಗೂ ಹೇಳಿದ್ದಾರೆ. ತಪ್ಪಿಸುವುದಿಲ್ಲ. ಈಗ ಮಂಡಿಯಲ್ಲಿ ಮಾದರಿ ಹೋಳುಗಳಿಗೆ ಬಾಗಿಲ ಬಳಿ ಒಂದು ತಟ್ಟೆ ಇದೆ, ಬಂದವರು ತೆಗೆದುಕೊಳ್ಳಲಿ ಎಂದು. ಸ್ಫೂರ್ತಿಗೆ ಒಂದು ಹೋಳು. ಅದು ಊಟದ ಲೆಕ್ಕದಲ್ಲಿದೆ.

ಒಂದು ದಿನ ಶರಣ್ಯಾಳನ್ನು ಕೇಳಿದೆ: "ಈ ತಿದ್ದೋ ಸಂಗತಿ ನೀನೇ ಕಂಡ್ಹಿಡಿದಿದ್ದಾ ಹೈದರಾಬಾದಲ್ಲಿ?"

"ಅಯ್ಯೋ ಇಲ್ಲ. ನಾನು ತೊಟ್ಟಿಲು ಬಿಟ್ಟ ಹೊಸದರಲ್ಲೇ ಯಾರೋ ಕಂಡ್ಹಿಡಿದಿದ್ರು. ತಟ್ಟೆಲಿ ಬೆಳೆಸಿದ ಕೋಶ ಎಳೇದಾಗಿದ್ದಾಗ ಹೆಚ್ಚು ತಿದ್ದಲ್ಲ, ಒತ್ತೊತ್ತಾಗಿ ಬೆಳೆದು ನೆಲೆನಿಂತ್ಮೇಲೆ ತಿದ್ದೋಕೆ ಶುರುಮಾಡುತ್ತೆ. ಎಷ್ಟು ಪಾಲು ತಿದ್ದುತ್ತೆ ಅಂತ ನಾನು ಅಳೀತಿದ್ದೆ."

"ಅಳೆದು?"

"ಬರೆದಿಟ್ಟೆ." ಬಾಟಲಿಯನ್ನು ಮುಂದಕ್ಕೆ ಸರಿಸಿದಳು. "ತುಂಬಿಸಿ ಯಜಮಾನ್ರೇ, ಬಸ್ಸು ಹೋಗುತ್ತೆ."

ತುಂಬಿಸಿದೆ, ಚೆಲ್ಲಲಿಲ್ಲ. ಅವಳು ಬೆಳಕಿಗೆ ಹಿಡಿದು ನೋಡಿ, ತಟ್ಟೆಯಿಂದ ಒಂದು ಹೋಳು ಬಾಯಿಗೆ ಹಾಕಿಕೊಂಡು, ಛತ್ರಿ ತೆಗೆದುಕೊಂಡು ಹೊರಟಳು. ಎಣ್ಣೆಯ ದುಡ್ಡು ಬೇಡವೆಂದರೆ ಕೇಳುವುದಿಲ್ಲ, ಎಂದಿನಂತೆ ಪೂರ್ತಿ ಎಣಿಸಿ ಇಡುತ್ತಾಳೆ. ದರ್ಜೆ ಹಾಕುವುದರಲ್ಲಿ ನಾನು ಎಡವಿದ್ದು ಅಪರೂಪ. ಎಡವಿದಾಗ ಮಾಲು ನನ್ನ ಕೈಬಿಟ್ಟು ಹೋಗಿರುತ್ತಿತ್ತು. ಈ ಸಲ ಹೋಗಲಿಲ್ಲ, ಅದು ನನ್ನ ಪುಣ್ಯ.

ಸ್ಫೂರ್ತಿ ಈಗ ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಊಟ ಮಾಡುತ್ತಾಳೆ, ನಾವು ಯಾರೂ ಹೆದರದೆ ನೋಡುತ್ತೇವೆ. ಆ ಹೆದರಿಕೆಯಿಲ್ಲದ ಊಟಕ್ಕೇ ನಾನು ಶರಣ್ಯಾಳಿಗೆ ಋಣಿಯಾಗಿರುವುದು.